ಸಲಿನಾಸಿಗೆ ಎರಡು ಜೊತೆ ಚಕ್ರ

ಗ್ವಯಾಮಾ
ಮಾರ್ಚ್ 7, 1999

ಪದ್ರಿನೊ, ಆಶೀರ್ವಾದ ಮಾಡಿ.

ನಾನು ನೆರೇಯ್ದಾ, ಕ್ರಿಸ್ಪಿನ್ ಮತ್ತು ಪ್ರೊವಿಯ ಮಗಳು. ಹೆಸರಿಡುವ ದಿನ ಚರ್ಚಿನಲ್ಲಿ ಧರ್ಮಪಿತನಾಗಿ ನನ್ನನ್ನು ಎತ್ತಿ ಹಿಡಿದವರಿಗೇ ಪರಿಚಯ ಹೇಳಿಕೊಳ್ಳುವುದು ವಿಚಿತ್ರ ಅನ್ನಿಸುತ್ತದೆ. ಆದರೆ ನೀವು ಊರು ಬಿಟ್ಟಾಗ ನನಗೆ ಹನ್ನೊಂದು ವರ್ಷ, ಈಗ ಇಪ್ಪತ್ತೆರಡು. ವಿಳಾಸ ಕೊಟ್ಟದ್ದು ಬೇಕರಿಯಲ್ಲಿರುವ ನಿಮ್ಮ ತಂಗಿ ತೊಮಾಸಾ. ಫೋನು ಇಟ್ಟುಕೊಂಡಿಲ್ಲವಂತೆ ನೀವು. "ಕಾಗದ ಬರಿ, ಉತ್ತರ ಬರುತ್ತೆ ಅಂತ ಮಾತ್ರ ಕಾಯ್ಬೇಡ" ಅಂದರು.

ವಿಷಯ ಟೈರಿನದ್ದು. ಪಟೀಯಾಸಿನ ಮೇಷ್ಟ್ರೊಬ್ಬರ ಹತ್ತಿರ ಎಂಬತ್ತೆರಡರ ಕೊರೊಲ್ಲಾ ಕಾರು ಕೊಂಡಿದ್ದೇನೆ. ಹಿಂದಿನ ಚಕ್ರ ತಿರುಗಿಸುವ ಹಳೇ ಮಾದರಿ, ಅಪ್ಪನದ್ದರಂಥದ್ದೇ. ಎಂಜಿನ್ ಬಿಚ್ಚಿ ಕಟ್ಟಿದ್ದು ಬಹುಪಾಲು ನಾನೇ. ವಾರಕ್ಕೆ ಐದು ದಿನ ಅದರಲ್ಲೇ ಬೆಟ್ಟ ಹತ್ತಿ ಕಯೇಯ್ ಆಸ್ಪತ್ರೆಗೆ ಹೋಗುತ್ತೇನೆ. ಅಲ್ಲಿ ರಕ್ತ ತೆಗೆಯುವ ಕೆಲಸ. ಭಾನುವಾರಗಳಲ್ಲಿ ಅದನ್ನೇ ಸಲಿನಾಸಿನ ಕಾರು ರೇಸಿನಲ್ಲಿ ಕಾಲು ಮೈಲಿ ಓಡಿಸಬೇಕು ಅಂತ ಆಸೆ.

ಅಪ್ಪನ ಕಾಲದಲ್ಲಿ ಓಟಕ್ಕೆ ಬೋಳು ಟೈರು, ರಸ್ತೆಗೆ ಗೀರಿನ ಟೈರು, ಅಷ್ಟೇ ಇತ್ತಲ್ಲ. ಈಗ ಡ್ರ್ಯಾಗ್ ರೇಡಿಯಲ್ ಅಂತ ಹೊಸದು ಬಂದಿದೆ. ಮೆತ್ತನೆ ರಬ್ಬರು, ಮೇಲೆ ನಾಲ್ಕು ಗೀರು, ರಸ್ತೆಗೂ ಆಗಬಹುದು ಅಂತ ಸರ್ಕಾರದ ಮುದ್ರೆ. ಒಂದೇ ಜೊತೆ ಕೊಂಡು ಕೆಲಸಕ್ಕೂ ಓಟಕ್ಕೂ ಅದರಲ್ಲೇ ಹೋಗಬಹುದಾ? ಅಂಗಡಿಯವನು ಹೌದು ಅನ್ನುತ್ತಾನೆ. ಮಾರುವವನು ಇನ್ನೇನು ಹೇಳುತ್ತಾನೆ. ಅಂಗೈಯಿಂದ ಒಂದು ಪೆಟ್ಟು ಕೊಟ್ಟು ಟೈರಿನಲ್ಲಿ ಎಷ್ಟು ಗಾಳಿ ಇದೆ ಅಂತ ಹೇಳುತ್ತಿದ್ದವರು ನೀವು. ಸಲಿನಾಸಿನಲ್ಲಿ ಈಗಲೂ ಆ ಮಾತು ಆಡುತ್ತಾರೆ. ಅದಕ್ಕೆ ನಿಮ್ಮನ್ನೇ ಕೇಳುತ್ತಿದ್ದೇನೆ.

ನಿಮ್ಮ ಮಗಳು,
ನೆರೇಯ್ದಾ


ಹಾರ್ಟ್‌ಫರ್ಡ್
ಏಪ್ರಿಲ್ 2, 1999

ನೆರೇಯ್ದಾ,

ದೇವರು ನಿನಗೆ ಒಳ್ಳೆಯದು ಮಾಡಲಿ.

ನಾನು ಟೈರು ಮುಟ್ಟಿ ಹತ್ತು ವರ್ಷ ಮೇಲಾಯಿತು. ಇಲ್ಲಿ ಒಂದು ಶಾಲೆಯ ಬಾಯ್ಲರ್ ನೋಡಿಕೊಳ್ಳುತ್ತೇನೆ, ಬಸ್ಸಿನಲ್ಲಿ ಓಡಾಡುತ್ತೇನೆ. ನೀನು ಹೇಳುವ ಹೊಸ ಟೈರನ್ನು ಕಣ್ಣಿನಲ್ಲಿ ಕಂಡಿಲ್ಲ. ಆ ಗಾಡಿ ಮಾರಿಬಿಡು. ಕೆಲಸಕ್ಕೆ ಹೋಗಲು ಯಾವುದಾದರೂ ಸಾಧಾರಣ ಗಾಡಿ ಸಾಕು.

ಮಾರುವುದಿಲ್ಲ ಅಂತಾದರೆ ಇಷ್ಟು ಕೇಳು. ಓಟದ ಟೈರಿನಲ್ಲಿ ಮಳೆಗೆ ಇಳಿಯಬೇಡ. ಮುದ್ರೆ ಯಾರದ್ದೇ ಇರಲಿ.

ನಿನ್ನ ತಾಯಿಗೆ ನನ್ನ ಗೌರವ ತಿಳಿಸು. ಬೇಡ, ತಿಳಿಸಬೇಡ.

ಎರಿಬೆರ್ತೊ


ಗ್ವಯಾಮಾ
ಏಪ್ರಿಲ್ 18, 1999

ಪದ್ರಿನೊ, ಆಶೀರ್ವಾದ ಮಾಡಿ.

ನಿಮ್ಮ ಕಾಗದ ಬರುವುದು ತಡವಾಯಿತು. ಅಷ್ಟರಲ್ಲಿ ಡ್ರ್ಯಾಗ್ ರೇಡಿಯಲ್ ಒಂದು ಜೊತೆ ಕೊಂಡು ಹಿಂದಕ್ಕೆ ಹಾಕಿಸಿಬಿಟ್ಟಿದ್ದೆ. ಒಣ ರಸ್ತೆಯಲ್ಲಿ ಅಂಟು ಹಚ್ಚಿದ ಹಾಗೆ ಹಿಡಿಯುತ್ತವೆ. ಒಂದು ವಾರ ನಾನು ರಾಣಿಯ ಹಾಗೆ ಓಡಿಸಿದೆ.

ಮೊನ್ನೆ ಗುರುವಾರ ಬೆಳಿಗ್ಗೆ ಬೆಟ್ಟದ ಮೇಲೆ ಮಳೆ ಬಂತು. ದೊಡ್ಡದೇನಲ್ಲ. ಕಯೇಯ್ ಇನ್ನು ಮೂರು ಮೈಲಿ ಇದೆ ಅನ್ನುವಲ್ಲಿ ತಿರುವಿನ ಒಳಬದಿಗೆ ನೀರು ನಿಂತಿತ್ತು. ಅದರ ಮೇಲೆ ಹೋದೆನೋ ಇಲ್ಲವೋ, ಹಿಂಭಾಗ ನನ್ನದಲ್ಲ ಅನ್ನುವ ಹಾಗಾಯಿತು. ಗಾಡಿ ಅಡ್ಡ ತಿರುಗಿ ಎದುರು ಬದಿಗೆ ಜಾರಿತು. ಮೇಲಿಂದ ಬರುತ್ತಿದ್ದ ಹಾಲಿನ ಲಾರಿಯವನು ಹಾರನ್ ಒತ್ತಿಕೊಂಡೇ ಪಕ್ಕದಿಂದ ಹೋದ. ನಾನು ಬ್ರೇಕ್ ಮುಟ್ಟಲಿಲ್ಲ. ಯಾಕೆ ಮುಟ್ಟಲಿಲ್ಲ ಅಂತ ಗೊತ್ತಿಲ್ಲ, ಬಹುಶಃ ಅಪ್ಪ ಯಾವಾಗಲೋ ಹೇಳಿದ್ದಿರಬೇಕು. ಆ ದಿನ ಆಸ್ಪತ್ರೆಯಲ್ಲಿ ಎರಡು ಸಲ ಸೂಜಿ ತಪ್ಪಿ ಚುಚ್ಚಿದೆ ಅಂತ ಒಬ್ಬ ಮುದುಕ ತೋಳು ಹಿಂದಕ್ಕೆಳೆದುಕೊಂಡ.

ಅಮ್ಮನಿಗೆ ಹೇಳಿಲ್ಲ. ಹೇಳಿದರೆ ಏನು ಕೇಳಬೇಕಾಗುತ್ತದೆ ಅಂತ ಗೊತ್ತಿದೆ. ಹನ್ನೊಂದು ವರ್ಷದಿಂದ ಅವಳದ್ದು ಒಂದೇ ಮಾತು: "ನಿಮ್ಮಪ್ಪ ಓಟದಲ್ಲಿ ಸಾಯ್ಲಿಲ್ಲ, ಸೋಮಾರಿತನಕ್ಕೆ ಸತ್ತ. ಇಪ್ಪತ್ತು ನಿಮಿಷ ಕೂತು ಚಕ್ರ ಬದಲಾಯ್ಸಿದ್ದಿದ್ರೆ ಈವತ್ತು ಈ ಮನೇಲಿರ್ತಿದ್ದ." ಅಪ್ಪನ ಫೋಟೋ ಗೋಡೆಯಲ್ಲಿಲ್ಲ ಪದ್ರಿನೊ. ಬೀರುವಿನಲ್ಲಿ, ಬೆಡ್‌ಶೀಟುಗಳ ಕೆಳಗಿದೆ.

ಗಾಡಿ ಮಾರುವುದಿಲ್ಲ. ನೀವು ಹೇಳಿಕೊಡದಿದ್ದರೆ ಹೀಗೇ ಜಾರುತ್ತಾ ಕಲಿಯುತ್ತೇನೆ.

ನೆರೇಯ್ದಾ


ಹಾರ್ಟ್‌ಫರ್ಡ್
ಮೇ 4, 1999

ಮಗಳೇ,

ದೇವರು ನಿನ್ನನ್ನು ಕಾಯಲಿ. ಈ ಸಲ ಬಾಯಿಮಾತಿಗೆ ಹೇಳುತ್ತಿಲ್ಲ.

ಹಾಲಿನ ಲಾರಿಯ ವಿಷಯ ಓದಿದ ಮೇಲೆ ಎರಡು ದಿನ ಬಾಯ್ಲರಿನ ಮುಂದೆ ಸುಮ್ಮನೆ ಕೂತಿದ್ದೆ. ಶನಿವಾರ ಇಲ್ಲಿಯ ಓಟದ ಸಾಮಾನಿನ ಅಂಗಡಿ ಹುಡುಕಿಕೊಂಡು ಹೋಗಿ ಆ ಟೈರು ತೋರಿಸಿ ಅಂದೆ. ಉಗುರಿನಿಂದ ಒತ್ತಿದೆ, ಗೀರಿನಲ್ಲಿ ನಾಣ್ಯ ಇಳಿಸಿ ನೋಡಿದೆ. ಈಗ ಹೇಳುತ್ತೇನೆ, ಗಮನ ಕೊಟ್ಟು ಓದು.

ಟೈರು ಒಳ್ಳೆಯದೇ. ನಿನ್ನ ಅಪ್ಪನ ಕಾಲದ ಬೋಳು ಟೈರಿನ ಪಕ್ಕದ ಗೋಡೆ ಮೆತ್ತಗೆ. ಗಾಡಿ ಹೊರಡುವಾಗ ಮಡಿಕೆಯಾಗಿ ನೆಲ ಹಿಡಿಯುತ್ತಿತ್ತು. ರಸ್ತೆಗೆ ಬಂದರೆ ಅದೇ ಗೋಡೆಯಿಂದ ಹಿಂಭಾಗ ತೂರಾಡುತ್ತಿತ್ತು. ನಿನ್ನದು ಹಾಗೆ ತೂರಾಡುವುದಿಲ್ಲ. ಆದರೆ ಗೀರು ಬರೀ ನೆಪಕ್ಕೆ. ನೀರು ಸರಿದು ಹೋಗಲು ದಾರಿ ಬೇಕು, ಇದರಲ್ಲಿ ದಾರಿ ಇಲ್ಲ. ರಸ್ತೆಯ ಮೇಲೆ ನಾಣ್ಯದ ದಪ್ಪ ನೀರು ನಿಂತರೆ ಸಾಕು, ರಬ್ಬರು ನೆಲ ಬಿಟ್ಟು ತೇಲುತ್ತದೆ. ಬೆಟ್ಟದ ಬೆಳಗಿನ ತಂಪಿಗೆ ಆ ರಬ್ಬರು ಗಟ್ಟಿಯಾಗಿಬಿಡುತ್ತದೆ, ಬಿಸಿಯಾಗದೆ ಹಿಡಿಯುವುದಿಲ್ಲ. ದಿನಾ ಕಯೇಯ್‌ಗೆ ಓಡಿಸಿದರೆ ಕ್ರಿಸ್ಮಸ್ಸಿನೊಳಗೆ ನಡುವಿನ ಗೀರು ಮಾಯವಾಗಿರುತ್ತದೆ. ಆಮೇಲೆ ಅದೂ ಬೋಳು ಟೈರೇ, ಮುದ್ರೆ ಮಾತ್ರ ಉಳಿದಿರುತ್ತದೆ.

ಅದಕ್ಕೆ ಎರಡು ಜೊತೆ ಇಟ್ಟುಕೋ. ರಸ್ತೆಗೆ ನಾಲ್ಕೂ ಚಕ್ರಕ್ಕೆ ಒಂದೇ ಜಾತಿಯ, ಆಳವಾದ ಗೀರು ಇರುವ ಮಳೆಯ ಟೈರು. ಡ್ರ್ಯಾಗ್ ರೇಡಿಯಲ್ ಜೊತೆಯನ್ನು ಬೇರೆ ರಿಮ್ಮಿಗೆ ಹಾಕಿಸು. ಹಿಂದಿನ ಸೀಟು ಬಿಚ್ಚಿದರೆ ಎರಡು ಚಕ್ರ ಮಲಗುತ್ತವೆ. ಬೆಲ್ಟಿನಿಂದ ಬಿಗಿ, ಇಲ್ಲದಿದ್ದರೆ ಬ್ರೇಕ್ ಒತ್ತಿದಾಗ ನಿನ್ನ ಕುತ್ತಿಗೆಗೆ ಬರುತ್ತವೆ. ಸಲಿನಾಸಿನಲ್ಲಿ ಹದಿನೆಂಟು ಪೌಂಡು ಗಾಳಿಯಿಂದ ಶುರು ಮಾಡು. ಒಂದು ಓಟಕ್ಕೆ ಒಂದೇ ಪೌಂಡು ಇಳಿಸು, ಹದಿನೈದರ ಕೆಳಗೆ ಹೋಗಬೇಡ. ಎರಡೂ ಬದಿ ಸಮ ಇರಲಿ. ಚಕ್ರ ನಿಂತಲ್ಲೇ ಗಿರ್ರನೆ ತಿರುಗಿಸಿ ಟೈರು ಬಿಸಿ ಮಾಡಲು ನೀರು ಚೆಲ್ಲಿರುತ್ತಾರಲ್ಲ, ಅದನ್ನು ಸುತ್ತಿಕೊಂಡು ಹೋಗು. ನಿನ್ನ ಗೀರುಗಳಲ್ಲಿ ನೀರು ಕೂತು, ಹೊರಡುವ ಗೆರೆಯ ಮೇಲೆ ತೊಟ್ಟಿಕ್ಕುತ್ತದೆ. ಒಂದಿಷ್ಟು ಹೊಗೆ ಬಂದರೆ ಸಾಕು, ನಿಲ್ಲಿಸು.

ಓಟ ಮುಗಿದ ಮೇಲೆ ಗೆದ್ದಿದ್ದರೂ, ಸೋತಿದ್ದರೂ, ಯಾರ ಜೊತೆ ಜಗಳ ಆಡಿದ್ದರೂ, ಚಕ್ರ ಬದಲಾಯಿಸದೆ ಗೇಟು ದಾಟಬೇಡ. ಇದನ್ನು ಎರಡು ಸಲ ಓದು.

ಬೆರ್ತೊ


ಗ್ವಯಾಮಾ
ಮೇ 30, 1999

ಪದ್ರಿನೊ, ಆಶೀರ್ವಾದ ಮಾಡಿ.

ನೀವು ಹೇಳಿದ್ದನ್ನೆಲ್ಲ ಮಾಡಿದೆ. ರಸ್ತೆಯ ಟೈರು ಬಂದಿವೆ. ಅದೇ ತಿರುವಿನಲ್ಲಿ, ಅದಕ್ಕಿಂತ ಜೋರು ಮಳೆಯಲ್ಲಿ, ಗಾಡಿ ಹಸುವಿನ ಹಾಗೆ ನಡೆಯಿತು. ಹೋದ ಭಾನುವಾರ ಸಲಿನಾಸಿನಲ್ಲಿ ಹದಿನಾರು ಪೌಂಡಿನಲ್ಲಿ ಹದಿಮೂರು ಮುಕ್ಕಾಲು ಸೆಕೆಂಡು ಬಂತು. ಪಕ್ಕದ ಸಾಲಿನವನು ಇಳಿದು ಬಂದು ಟೈರು ಯಾರು ಆರಿಸಿಕೊಟ್ಟಿದ್ದು ಅಂತ ಕೇಳಿದ. ನಿಮ್ಮ ಹೆಸರು ಹೇಳಿದೆ. ಅವನ ಅಪ್ಪನಿಗೆ ನೀವು ಗೊತ್ತಂತೆ.

ಈಗ ಇನ್ನೊಂದು ವಿಷಯ. ನಿಮ್ಮ ಕಾಗದದ ಕೊನೆಯ ಸಾಲನ್ನು ನೀವು ಹೇಳಿದ ಹಾಗೆ ಎರಡು ಸಲ ಓದಿದೆ. ಆಮೇಲೆ ಹತ್ತು ಸಲ ಓದಿದೆ. ಇಷ್ಟು ಗಟ್ಟಿಯಾಗಿ ಹೇಳುವವರು ಇದನ್ನು ಅಪ್ಪನಿಗೆ ಹೇಳಿರಲಿಲ್ಲವಾ?

ಅಪ್ಪ ಸತ್ತಾಗ ಪೊಲೀಸರು ಬರೆದ ಕಾಗದದ ನಕಲು ಕೋರ್ಟಿನಿಂದ ತಂದಿದ್ದೇನೆ. ನಿಮಗೆ ಮೊದಲ ಕಾಗದ ಬರೆಯುವ ಮುಂಚೆಯೇ ತಂದಿದ್ದೆ, ಸುಳ್ಳು ಹೇಳುವುದಿಲ್ಲ. ಮಳೆಯಲ್ಲಿ ಜಾರಿ ಕಾಲುವೆಗೆ ಬಿದ್ದ ಗಾಡಿಯನ್ನು ಎತ್ತಿದಾಗ ಅದರಲ್ಲಿ ಸಿಕ್ಕಿದ್ದು: ನಟ್ಟು ಬಿಚ್ಚುವ ಪಾನಾ, ಐಸಿನ ಡಬ್ಬಿ, ಒಂದು ಅಂಗಿ. ಜಾಕು ಮುಂದಿನ ಸೀಟಿನಲ್ಲಿತ್ತು. ಬದಲಿ ಚಕ್ರಗಳು ಇರಲಿಲ್ಲ. ಜಾಕನ್ನು ಕೈಗೆ ಸಿಗುವಲ್ಲಿ ಇಟ್ಟುಕೊಂಡ ಮನುಷ್ಯ ಸೋಮಾರಿಯಲ್ಲ ಪದ್ರಿನೊ. ಅವನ ಹತ್ತಿರ ಬದಲಾಯಿಸಲು ಚಕ್ರ ಇರಲಿಲ್ಲ.

ರಸ್ತೆಯ ಚಕ್ರ ಎಲ್ಲಿದ್ದವು?

ನೆರೇಯ್ದಾ


ಗ್ವಯಾಮಾ
ಜುಲೈ 6, 1999

ಪದ್ರಿನೊ, ಆಶೀರ್ವಾದ ಮಾಡಿ.

ಐದು ವಾರ ಕಾದೆ. ತೊಮಾಸಾ ಅವರನ್ನು ಕೇಳಿದರೆ ನೀವು ಚೆನ್ನಾಗಿದ್ದೀರಿ, ಹುಟ್ಟುಹಬ್ಬಕ್ಕೆ ಕಾರ್ಡು ಕಳಿಸಿದ್ದೀರಿ ಅಂದರು. ಅಂದರೆ ಅಂಚೆಯ ತಪ್ಪಲ್ಲ.

ಈ ತಿಂಗಳ ಇಪ್ಪತ್ತೈದು ಭಾನುವಾರ, ಸರ್ಕಾರಿ ರಜೆಯೂ ಹೌದು. ಸಲಿನಾಸಿನಲ್ಲಿ ದೊಡ್ಡ ಓಟ. ಆ ದಿನ ನಾನು ಒಂದೇ ಜೊತೆ ಟೈರಿನಲ್ಲಿ ಹೋಗುತ್ತೇನೆ, ಅದರಲ್ಲೇ ವಾಪಸ್ ಬರುತ್ತೇನೆ. ಮಳೆ ಬಂದರೂ ಅಪ್ಪ ಬಂದ ರಸ್ತೆಯಲ್ಲೇ ಬರುತ್ತೇನೆ. ಹೆದರಿಸುವುದಕ್ಕೆ ಬರೆಯುತ್ತಿದ್ದಾಳೆ ಅಂತ ನೀವು ಅಂದುಕೊಳ್ಳಬಹುದು. ನಾನು ಯಾರ ಮಗಳು ಅಂತ ನಿಮಗೆ ಗೊತ್ತು.

ಅಷ್ಟರೊಳಗೆ ಉತ್ತರ ಬಂದರೆ ಎರಡು ಜೊತೆ.

ನೆರೇಯ್ದಾ


ಹಾರ್ಟ್‌ಫರ್ಡ್
ಜುಲೈ 14, 1999
ತುರ್ತು ಅಂಚೆ

ನೆರೇಯ್ದಾ,

ಚಕ್ರ ನನ್ನ ವ್ಯಾನಿನಲ್ಲಿದ್ದವು.

ಇನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ನಡುವೆ ನಿಲ್ಲಿಸಿದರೆ ಮತ್ತೆ ಬರೆಯಲು ಆಗುವುದಿಲ್ಲ.

ನಾವು ಯಾವಾಗಲೂ ಒಟ್ಟಿಗೇ ಹೋಗುತ್ತಿದ್ದೆವು. ಅವನು ಗಾಡಿಯಲ್ಲಿ, ಹಿಂದಿನಿಂದ ನಾನು ಪಂಕ್ಚರ್ ಅಂಗಡಿಯ ವ್ಯಾನಿನಲ್ಲಿ. ಸಲಿನಾಸಿನಲ್ಲಿ ನಾನು ಬೋಳು ಟೈರು ಹಾಕಿಕೊಡುತ್ತಿದ್ದೆ, ಬಿಚ್ಚಿದ ರಸ್ತೆಯ ಚಕ್ರ ವ್ಯಾನಿನಲ್ಲಿ ಇರುತ್ತಿದ್ದವು. ಸಂಜೆ ಮತ್ತೆ ಬದಲಾಯಿಸಿ ಇಬ್ಬರೂ ಮೀನಿನ ಬಜ್ಜಿ ತಿಂದು ಹೊರಡುತ್ತಿದ್ದೆವು. ಎಂಟು ವರ್ಷ ಹಾಗೇ ನಡೆಯಿತು.

ಆ ಭಾನುವಾರ ಅವನು ಎರಡು ಸುತ್ತು ಗೆದ್ದ. ಮೂರನೆಯದಕ್ಕೆ ಮುಂಚೆ, ನಾನು ನೀರು ಕುಡಿಯಲು ಹೋಗಿದ್ದಾಗ, ನನ್ನನ್ನು ಕೇಳದೆ ಗಾಳಿ ಇಳಿಸಿದ್ದಾನೆ. ಗಾಡಿ ಅಡ್ಡಡ್ಡ ಓಡಿ ಸೋತ. ಯಾಕೆ ಮುಟ್ಟಿದೆ ಅಂತ ಕೇಳಿದೆ. ಸುತ್ತ ಜನ ಇದ್ದರು. ಅವನು ಹೇಳಿದ:

"ಗಾಳಿ ತುಂಬೋನು ಗಾಳಿ ತುಂಬ್ಕೊಂಡಿರ್ಬೇಕು ಬೆರ್ತೊ. ಓಟ ನಂಗೆ ಬಿಡು."

ಜನ ನಕ್ಕರು. ಅವನೂ ನಕ್ಕ. ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು. ಸೋತವನು ನಾಚಿಕೆ ಮುಚ್ಚಿಕೊಳ್ಳಲು ಆಡಿದ್ದು, ಈಗ ಗೊತ್ತಾಗುತ್ತದೆ. ಆಗ ನನಗೆ ಕಿವಿ ಕೆಂಪಾಯಿತು. ವ್ಯಾನಿನ ಬಾಗಿಲು ಹಾಕಿ ಗಾಡಿ ತೆಗೆದೆ.

ಹಿಂದಿನಿಂದ ಅವನು ಕೂಗಿದ. "ಬೆರ್ತೊ, ಚಕ್ರ!" ಕನ್ನಡಿಯಲ್ಲಿ ನೋಡಿದೆ, ಒಂದು ಕೈಯಲ್ಲಿ ಜಾಕು ಹಿಡಿದು ಇನ್ನೊಂದು ಕೈ ಎತ್ತಿ ನಿಂತಿದ್ದ. ಕೇಳಿಸಲಿಲ್ಲ ಅಂತ ಹೇಳಬಹುದಿತ್ತು, ನನಗೇ ನಾನು ಹಾಗೆ ಬಹಳ ವರ್ಷ ಹೇಳಿಕೊಂಡೆ. ಕೇಳಿಸಿತು ಮಗಳೇ. ಅಂಗಡಿಗೆ ಬಂದು ಕೇಳಲಿ, ಎಲ್ಲರೆದುರು ಅಂದದ್ದನ್ನು ಅಲ್ಲಿ ವಾಪಸ್ ತೆಗೆದುಕೊಳ್ಳಲಿ ಅಂತ ಹಟ. ಆಕಾಶ ನಿಚ್ಚಳವಾಗಿತ್ತು. ಹದಿನೈದು ಮೈಲಿ ದಾರಿ.

ನಾನು ಅಂಗಡಿ ಮುಟ್ಟಿ ಕಾಫಿ ಕಾಸಿಕೊಂಡೆ. ಸಿಟ್ಟು ಇಳಿಯಿತು. ಎರಡೂ ಚಕ್ರ ಇಳಿಸಿ ಬಾಗಿಲಿಗೆ ಒರಗಿಸಿಟ್ಟೆ, ಬಂದ ತಕ್ಷಣ ಹಾಕಿಕೊಡೋಣ ಅಂತ. ಆಗ ಮಳೆ ಶುರುವಾಯಿತು.

ಅಲ್ಲಿದ್ದವರು ಅವನ ಕೂಗಿಗೆ ಗಮನ ಕೊಟ್ಟಿರಲಿಲ್ಲ, ಚಕ್ರ ಯಾವ ಗಾಡಿಯಲ್ಲಿದ್ದವು ಅಂತ ಯಾರಿಗೂ ಗೊತ್ತಿರಲಿಲ್ಲ. ಮಣ್ಣಿನ ದಿನ ನಿನ್ನ ಅಮ್ಮ, ಮಗಳ ಧರ್ಮಪಿತ ಅನ್ನುವ ನಂಬಿಕೆಯಿಂದ, ನನ್ನ ತೋಳು ಹಿಡಿದು ಕೇಳಿದಳು, "ಕಂಪಾದ್ರೆ, ಇಪ್ಪತ್ತು ನಿಮಿಷ ಅವನ ಹತ್ರ ಇರ್ಲಿಲ್ವಾ?" ನಾನು ಹೇಳಿದೆ, "ಅವನಿಗೆ ಯಾವಾಗ್ಲೂ ಅವಸರ." ಬಾಯಿಂದ ಬಂದದ್ದು ಅಷ್ಟೇ. ಅವಳು ನಂಬಿದಳು. ಮೂರು ತಿಂಗಳಿಗೆ ನಾನು ಅಂಗಡಿ ಮುಚ್ಚಿ ಇಲ್ಲಿಗೆ ಬಂದೆ.

ಕ್ಷಮೆ ಕೇಳಲು ಬರೆಯುತ್ತಿಲ್ಲ. ಇಪ್ಪತ್ತೈದನೇ ತಾರೀಕು ಎರಡು ಜೊತೆ ತೆಗೆದುಕೊಂಡು ಹೋಗು. ನೀನು ಕೇಳಿದ ಉತ್ತರ ಬಂದಿದೆ.

ಎರಿಬೆರ್ತೊ


ಗ್ವಯಾಮಾ
ಆಗಸ್ಟ್ 15, 1999

ಸೆನ್ಯೋರ್ ಎರಿಬೆರ್ತೊ,

ಆಸ್ಪತ್ರೆಯ ಹೊರಗೆ ಗಾಡಿಯಲ್ಲಿ ಕೂತು ಓದಿದೆ. ಓದಿ ಕೆಲಸಕ್ಕೆ ಹೋಗಲಿಲ್ಲ, ಮನೆಗೂ ಹೋಗಲಿಲ್ಲ. ಸಲಿನಾಸಿನಿಂದ ಬರುವ ರಸ್ತೆಯ ಕಾಲುವೆಯ ಹತ್ತಿರ ನಿಲ್ಲಿಸಿಕೊಂಡಿದ್ದೆ. ಅಲ್ಲೇನೂ ಇಲ್ಲ. ಹುಲ್ಲು ಬೆಳೆದಿದೆ.

ಇಪ್ಪತ್ತೈದಕ್ಕೆ ಓಡಿಸಲಿಲ್ಲ. ಒಂದು ಜೊತೆಯಲ್ಲೂ ಇಲ್ಲ, ಎರಡು ಜೊತೆಯಲ್ಲೂ ಇಲ್ಲ.

ನಿಮ್ಮ ಬಗ್ಗೆ ನನಗೆ ಏನು ಅನ್ನಿಸುತ್ತದೆ ಅಂತ ಬರೆಯಲು ಮೂರು ಸಲ ಕೂತೆ. ಒಂದು ಸಲ ಬರೆದದ್ದು ಇನ್ನೊಂದು ಸಲಕ್ಕೆ ಸರಿ ಕಾಣಲಿಲ್ಲ. ಸಿಟ್ಟಿನಲ್ಲಿ ಗಾಡಿ ತೆಗೆದುಕೊಂಡು ಹೋಗುವುದು ಯಾರಿಗೂ ಆಗಬಹುದು, ನನಗೂ. ಆದರೆ ಅಮ್ಮನಿಗೆ ಹೇಳಿದ ಆ ಒಂದು ಮಾತು? ಅವಳು ಹನ್ನೊಂದು ವರ್ಷ ಸತ್ತವನ ಜೊತೆ ಜಗಳ ಆಡಿಕೊಂಡು ಬದುಕಿದ್ದಾಳೆ. ಅಳುವುದಕ್ಕೂ ಬಿಟ್ಟಿಲ್ಲ ತನ್ನನ್ನು ತಾನು. ಸಮಾಧಿಗೆ ಹೂವು ಒಯ್ಯುವವಳು ನಾನೊಬ್ಬಳೇ.

ನಿಮ್ಮ ಕಾಗದವನ್ನು ಅವಳಿಗೆ ಓದಿ ಹೇಳುವುದು ನನ್ನ ಕೆಲಸ ಅಲ್ಲ. ಮಾತು ಅವಳ ಕೈಗೆ ಕೊಟ್ಟವರು ನೀವು, ವಾಪಸ್ ತೆಗೆದುಕೊಳ್ಳಬೇಕಾದವರೂ ನೀವೇ. ಅವಳಿಗೆ ಬರೆಯಿರಿ. ಬರೆಯುವವರೆಗೆ ನನಗೆ ಬರೆಯಬೇಡಿ.

ನೆರೇಯ್ದಾ


ಗ್ವಯಾಮಾ
ನವೆಂಬರ್ 2, 1999

ಕಂಪಾದ್ರೆ ಬೆರ್ತೊ,

ನಿಮ್ಮ ಕಾಗದ ಸೆಪ್ಟೆಂಬರಿನಲ್ಲೇ ಬಂತು. ಓದಿ ಅಕ್ಕಿ ಡಬ್ಬದ ಕೆಳಗಿಟ್ಟೆ. ದಿನಾ ಅಕ್ಕಿ ತೆಗೆಯುವಾಗ ಕೈಗೆ ತಗುಲುತ್ತಿತ್ತು. ಉತ್ತರ ಬರೆಯಬಾರದು ಅಂತಲೇ ಇದ್ದೆ.

ನೆರೇಯ್ದಾ ಏನೂ ಕೇಳಲಿಲ್ಲ. ಅವಳಿಗೆ ಎಲ್ಲ ಗೊತ್ತು ಅಂತ ನನಗೆ ಗೊತ್ತಿತ್ತು, ನನಗೆ ಗೊತ್ತು ಅಂತ ಅವಳಿಗೂ. ಒಂದು ತಿಂಗಳು ಇಬ್ಬರೂ ಊಟದ ಮೇಜಿನಲ್ಲಿ ಹುರುಳಿಗೆ ಉಪ್ಪು ಸಾಕಾ ಅಂತ ಮಾತ್ರ ಮಾತಾಡಿದೆವು. ಒಂದು ದಿನ ಅವಳು ಗಾಡಿಯ ಹತ್ತಿರ ಕೂತು ಟೈರು ತಿಕ್ಕುತ್ತಿದ್ದಳು. ನಾನು ಹೋಗಿ, "ಚಕ್ರ ಬದಲಾಯ್ಸೋದು ನಂಗೂ ತೋರ್ಸು" ಅಂದೆ. ತಲೆ ಎತ್ತಿ ನನ್ನನ್ನೇ ನೋಡಿದಳು. ಆಮೇಲೆ ಪಾನಾ ಕೈಗೆ ಕೊಟ್ಟಳು. ಅಂಗಳದಲ್ಲಿ ಆರು ಸಲ ಹಾಕಿ ಬಿಚ್ಚಿದೆ. ಐವತ್ತಮೂರು ವರ್ಷಕ್ಕೆ ಕಲಿತೆ. ನಲವತ್ತು ನಿಮಿಷ ಬೇಕಾಗುತ್ತಿತ್ತು, ಈಗ ಇಪ್ಪತ್ತೆರಡು.

ಮೊನ್ನೆ ಭಾನುವಾರ ಅವಳ ಜೊತೆ ಸಲಿನಾಸಿಗೆ ಹೋದೆ. ಕ್ರಿಸ್ಪಿನ್ ಇದ್ದಾಗಲೂ ಹೋದವಳಲ್ಲ ನಾನು. ಅವಳು ಓಟದ ಟೈರು ಹಾಕಿಕೊಂಡು ಸಾಲಿಗೆ ಹೋದಳು. ಬಿಚ್ಚಿದ ರಸ್ತೆಯ ಚಕ್ರ ಎರಡನ್ನೂ ಒಂದರ ಮೇಲೊಂದು ಇಟ್ಟು, ನಾನು ಅದರ ಮೇಲೇ ಕೂತೆ. ಬಿಸಿಲಿತ್ತು. ಯಾರೋ ಕುರ್ಚಿ ತಂದುಕೊಟ್ಟರು, ಬೇಡ ಅಂದೆ. ಸಂಜೆಯವರೆಗೆ ಏಳಲಿಲ್ಲ.

ಎರಡನೇ ಸುತ್ತಿನಲ್ಲಿ ಸೋತಳು. ಗಾಳಿ ಒಂದು ಪೌಂಡು ಹೆಚ್ಚಾಗಿತ್ತಂತೆ. ಹಾಗಂತ ನನ್ನ ಮೇಲೆ ರೇಗಿದಳು, ಯಾಕೆಂದರೆ ಆ ಬದಿಯ ಗಾಳಿ ನೋಡಿದ್ದು ನಾನು. ನಾನೂ ಸುಮ್ಮನಿರಲಿಲ್ಲ. ಜನರೆದುರೇ ಇಬ್ಬರೂ ಕೂಗಾಡಿದೆವು. ಆಗ ಬೆಟ್ಟದ ಕಡೆ ಕಪ್ಪಾಯಿತು. ಕೂಗಾಡಿಕೊಂಡೇ ಜಾಕು ಹಾಕಿದೆವು ಕಂಪಾದ್ರೆ. ಅವಳು ಒಂದು ಬದಿ, ನಾನು ಒಂದು ಬದಿ. ಕೊನೆಯ ನಟ್ಟು ಬಿಗಿಯುವಾಗ ಮಳೆ ಬಿತ್ತು. ಆ ರಸ್ತೆಯಲ್ಲಿ ಮನೆಗೆ ಬಂದೆವು. ಕಾಲುವೆಯ ಹತ್ತಿರ ಅವಳು ನಿಧಾನ ಮಾಡಿದಳು, ನಿಲ್ಲಿಸಲಿಲ್ಲ. ಅಲ್ಲಿಂದ ಮನೆಯವರೆಗೆ ನಾನು ಅತ್ತೆ. ಅವಳು ವೈಪರ್ ಜೋರು ಮಾಡಿದಳು.

ಈವತ್ತು ಸತ್ತವರ ದಿನ. ಬೆಳಿಗ್ಗೆ ಸಮಾಧಿಗೆ ಹೋಗಿ ಅವನಿಗೆ ಹೇಳಬೇಕಾದ್ದನ್ನು ಹೇಳಿದೆ. ಅದು ನಿಮಗೆ ಸಂಬಂಧಪಟ್ಟದ್ದಲ್ಲ. ಅವನ ಫೋಟೋಗೆ ಮೊಳೆ ಹೊಡೆಯುವಾಗ ಗೋಡೆಯ ಗಾರೆ ಸ್ವಲ್ಪ ಉದುರಿತು.

ನಿಮ್ಮ ವಿಷಯಕ್ಕೆ ನನ್ನ ಮನಸ್ಸಿನಲ್ಲಿ ಏನಿದೆ ಅಂತ ಕೇಳಬೇಡಿ. ಹನ್ನೊಂದು ವರ್ಷ ತಪ್ಪು ಮನುಷ್ಯನ ಮೇಲೆ ಸಿಟ್ಟು ಮಾಡಿ ನನಗೆ ಸುಸ್ತಾಗಿದೆ. ಸರಿಯಾದವನು ಯಾರು ಅಂತ ತಿಳಿದಾಗ ಶಕ್ತಿ ಉಳಿದಿಲ್ಲ. ಇದನ್ನು ಕ್ಷಮೆ ಅಂದುಕೊಳ್ಳಬೇಡಿ.

ಒಂದು ಕೇಳಬೇಕಿತ್ತು. ಮಳೆ ಬರುತ್ತದೆ ಅನ್ನುವ ಭಯಕ್ಕೆ ನಾನು ಪಾನಾದ ಮೇಲೆ ಎರಡೂ ಕಾಲಿಟ್ಟು ನಿಂತು ನಟ್ಟು ಬಿಗಿದೆ. ಬಲಗಡೆ ಹಿಂದಿನ ಚಕ್ರದ ಒಂದು ನಟ್ಟು ಈಗ ಏನು ಮಾಡಿದರೂ ಬಿಚ್ಚುತ್ತಿಲ್ಲ. ಎಣ್ಣೆ ಬಿಟ್ಟು ನೋಡಿದ್ದಾಯಿತು. ನೆರೇಯ್ದಾ ಸುತ್ತಿಗೆ ತರುತ್ತೇನೆ ಅನ್ನುತ್ತಾಳೆ, ನಾನು ಬೇಡ ಅಂದಿದ್ದೇನೆ. ಇಪ್ಪತ್ತೆಂಟನೇ ತಾರೀಕು ಮತ್ತೆ ಓಟ ಇದೆ.

ಹೇಗೆ ಬಿಚ್ಚಬೇಕು ಅಂತ ಬರೆಯಿರಿ.

ಪ್ರೊವಿದೆನ್ಸಿಯಾ